ಹೆಬ್ರಿಯ ಜಿಪ್ಸಿ, ಕಾರ್ಕಳದ ಥಾರ್ ಮತ್ತು ಒಂದು ನೋಟ್ ಪುಸ್ತಕ: ಒಂದು ಪ್ರಕರಣ ಅಧ್ಯಯನ

2023ರ ಡಿಸೆಂಬರಿನಲ್ಲಿ ನನ್ನ ಭಾವ ಹೊಸ ಜಿಮ್ನಿ ತೆಗೆದುಕೊಂಡರು. ಅದಕ್ಕೂ ಮೊದಲು 12 ವರ್ಷ ಅವರು ಓಡಿಸಿದ್ದು ಜಿಪ್ಸಿ. ಎರಡೂ ಮಾರುತಿಯವೇ. ಕಂಪನಿಯ ಲೆಕ್ಕದಲ್ಲಿ ಭಾವ ‘ನಿಷ್ಠಾವಂತ ಗ್ರಾಹಕ’. ಫೋರ್ ವೀಲ್ ಡ್ರೈವ್ (ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ) ಹಳತಾಯಿತು, ಅದೇ ಮನೆಯ ಹೊಸದು ಬಂತು, ನಿಷ್ಠೆ ಉಳಿಯಿತು. ಭಾವನ ಜಿಪ್ಸಿ ಗೆಳೆಯರ ಗುಂಪಿನ ಹಲ್ಲಿನ ಡಾಕ್ಟ್ರು 2021ರಲ್ಲೇ ಜಿಪ್ಸಿ ಮಾರಿ ಮಹೀಂದ್ರದ ಥಾರ್ ತೆಗೆದುಕೊಂಡಿದ್ದರು. ಅವರು ‘ಕೈತಪ್ಪಿದ ಗ್ರಾಹಕ’.

ಈ ಎರಡು ಸಾಲಿನ ಲೆಕ್ಕ ಎಷ್ಟು ಸರಿ ಅಂತ ನೋಡುವುದೇ ಈ ಬರಹ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಮಾರ್ಕೆಟಿಂಗ್ ಪಾಠ ಮಾಡುವವನು. ಬ್ರಾಂಡ್ ನಿಷ್ಠೆಯ ಪಾಠ ಬಂದರೆ ಅಮೆರಿಕದ ಸುಬಾರು ಮಾಲೀಕರ ಕಥೆ ಹೇಳುವುದು ವಾಡಿಕೆ. ಆದರೆ ಸುಬಾರು ಕಾರನ್ನು ಕಣ್ಣಾರೆ ಕಂಡವರು ನನ್ನ ತರಗತಿಯಲ್ಲಿ ಇಲ್ಲವೇ ಇಲ್ಲ. ಸುಬಾರು ಫಾರೆಸ್ಟರ್ ಒಮ್ಮೆ ನಮ್ಮ ದೇಶಕ್ಕೂ ಬಂದಿತ್ತು, ಅದೂ ಶೆವರ್ಲೆ ಅಂತ ಹೆಸರು ಅಂಟಿಸಿಕೊಂಡು! ಅದಕ್ಕೇ ಈಗ ನಾನು ಭಾವನ ಕಥೆಯನ್ನೇ ಹೇಳುತ್ತೇನೆ.

ಗಾಡಿ ಮತ್ತು ದಾರಿ

ಭಾವನ ಮನೆ ಹೆಬ್ರಿಯ ಆಚೆ, ಘಟ್ಟದ ಬುಡದಲ್ಲಿ. ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ. ಮೊದಲು ಮುರಕಲ್ಲಿನ ಏರು, ಆಮೇಲೆ ಜಾರು ಮಣ್ಣು, ಕೊನೆಗೆ ಒಂದು ತೋಡು (ಸಣ್ಣ ಹಳ್ಳ). ನಡೆದು ಹೋಗುವವರಿಗೆ ಕಾಲುಸಂಕ ಉಂಟು, ಗಾಡಿಗಾದರೆ ನೀರಲ್ಲೇ ಇಳಿದು ಹತ್ತಬೇಕು. ಬೇಸಿಗೆಯಲ್ಲಿ ಯಾವ ಕಾರೂ ಹೋಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಆ ಮಾತಿಲ್ಲ. ಅಡಿಕೆ ತೋಟಕ್ಕೆ ಮದ್ದು ಬಿಡುವುದೂ ಅದೇ ಸಮಯದಲ್ಲಿ. ಕೊಳೆರೋಗ ಮಳೆ ಬಿಡುವವರೆಗೆ ಕಾಯುವುದಿಲ್ಲ, ಹಾಗಾಗಿ ಮೈಲುತುತ್ತು, ಸುಣ್ಣ, ಪಂಪಿನ ಸಾಮಾನು ಎಲ್ಲ ಮಳೆಯಲ್ಲೇ ಒಳಗೆ ಬರಬೇಕು.

ಈ ಕೆಲಸಕ್ಕೆ 2011ರಲ್ಲಿ ಭಾವ 2004ರ ಮಾಡೆಲ್ ಜಿಪ್ಸಿಯೊಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. ಜಿಪ್ಸಿ ನಮ್ಮಲ್ಲಿಗೆ ಬಂದದ್ದು 1985ರ ಡಿಸೆಂಬರಿನಲ್ಲಿ, 970 ಸಿಸಿಯ ಪುಟ್ಟ ಇಂಜಿನ್ ಇಟ್ಟುಕೊಂಡು. 1996ರಲ್ಲಿ 1.3 ಲೀಟರ್ ಇಂಜಿನ್ ಬಂತು. ತೂಕ ಒಂದು ಟನ್ನಿನ ಆಸುಪಾಸು, ನಾಲ್ಕು ಜನ ಸೇರಿ ಹಿಂದಿನ ಭಾಗ ಎತ್ತಿ ಪಕ್ಕಕ್ಕೆ ಇಟ್ಟದ್ದನ್ನು ನಾನೇ ನೋಡಿದ್ದೇನೆ. ಎಸಿ ಇಲ್ಲ. ಹಿಂದೆ ಮುಂದೆ ಎಲೆ ಸ್ಪ್ರಿಂಗ್, ಸಣ್ಣ ಗುಂಡಿಗೂ ಬೆನ್ನಿಗೆ ಗೊತ್ತಾಗುತ್ತದೆ. ಮುಂದಿನ ಚಕ್ರಕ್ಕೆ ಭಾವ ಹಾಕಿಸಿದ್ದು ಕೈಯಲ್ಲಿ ತಿರುಗಿಸುವ ಹಬ್, ಅಂದರೆ ಮುಂದಿನ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಬೀಗ. ತೋಡು ಬಂತು ಅಂದರೆ ಕೆಳಗಿಳಿದು, ಮಳೆಯಲ್ಲಿ ಬಗ್ಗಿ, ಎರಡೂ ಕಡೆ ತಿರುಗಿಸಿ ಲಾಕ್ ಮಾಡಿ, ಮತ್ತೆ ಹತ್ತಬೇಕು. ಅಕ್ಕನಿಗೆ ಇದು ‘ಜೀಪು’. ಜೀಪು ಅಂದರೆ ಭಾವನಿಗೆ ಸಿಟ್ಟು ಬರುತ್ತದೆ.

ನಮ್ಮ ಕಡೆ ನಾಲ್ಕು ಚಕ್ರ ತಿರುಗುವ ಗಾಡಿಗೆಲ್ಲ ‘ಜೀಪು’ ಅನ್ನುವುದಕ್ಕೆ ಕಾರಣ ಉಂಟು. ಸ್ವಾತಂತ್ರ್ಯ ಬಂದ ಹೊಸತಿನಲ್ಲಿ ವಿಲ್ಲಿಸ್ ಜೀಪ್ ಜೋಡಿಸಿ ಮಾರಲು ಶುರು ಮಾಡಿದ್ದು ಮಹೀಂದ್ರ. ಇವತ್ತಿಗೂ ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವುದು ಅದೇ ವಂಶದ ಗಾಡಿಗಳು. ಕೆಸರಿನ ಕಾಲದಲ್ಲಿ ಚಕ್ರಕ್ಕೆ ಸರಪಳಿ ಸುತ್ತಿಕೊಂಡು ಹೋಗುತ್ತವೆ. ಆ ಡ್ರೈವರುಗಳನ್ನು ಬ್ರಾಂಡ್ ನಿಷ್ಠೆಯ ಬಗ್ಗೆ ಕೇಳಿದರೆ ನಗುತ್ತಾರೆ. ಅವರಿಗೆ ಅದು ಹೊಟ್ಟೆಪಾಡು. ಭಾವನದ್ದು ಅರ್ಧ ಹೊಟ್ಟೆಪಾಡು, ಅರ್ಧ ಹುಚ್ಚು. ಪಾಠಕ್ಕೆ ಇಂಥವರೇ ಚೆನ್ನ.

ಗುಂಪು

ಜಿಪ್ಸಿ ಇದ್ದವರದ್ದು ಒಂದು ಗುಂಪು. ಹತ್ತು ಹದಿನೈದು ಮನೆ. ಅಡಿಕೆ ತೋಟದವರು ಜಾಸ್ತಿ, ಜೊತೆಗೆ ಮಲ್ಪೆಯ ಮೀನು ವ್ಯಾಪಾರಿ ಒಬ್ಬರು, ಮಣಿಪಾಲದಲ್ಲಿ ಕೆಲಸ ಮಾಡುವ ಇಬ್ಬರು, ಬೇಕರಿಯವರೊಬ್ಬರು, ಕಾರ್ಕಳದ ಹಲ್ಲಿನ ಡಾಕ್ಟ್ರು. ಹೆಸರು, ಧ್ವಜ, ಟೀಶರ್ಟ್ ಯಾವುದೂ ಇಲ್ಲ. ತಿಂಗಳಿಗೊಂದು ಭಾನುವಾರ ಎಲ್ಲಾದರೂ ಸೇರಿ ಬನ್ಸು, ಗೋಳಿಬಜೆ ತಿಂದು, ಒಬ್ಬರ ಗಾಡಿಯ ಅಡಿಗೆ ಇನ್ನೊಬ್ಬರು ಮಲಗಿ ನೋಡಿ, ಮಧ್ಯಾಹ್ನ ಊಟದ ಹೊತ್ತಿಗೆ ಮನೆ ಸೇರುತ್ತಾರೆ. ದಾರಿಯಲ್ಲಿ ಎದುರಿನಿಂದ ಜಿಪ್ಸಿ ಬಂದರೆ ಗೊತ್ತಿರಲಿ ಇಲ್ಲದಿರಲಿ ಕೈ ಎತ್ತುತ್ತಾರೆ. ಎರಡು ಕಟ್ಟುಪಾಡು: ಕಾಡಿನ ಒಳಗೆ ಗಾಡಿ ನುಗ್ಗಿಸಬಾರದು, ಕಡಲ ಮರಳಿಗೆ ಇಳಿಸಬಾರದು. ಎರಡನೆಯದ್ದು ಮಲ್ಪೆಯವರ ಒತ್ತಾಯ. ಮರಳಲ್ಲಿ ಹೂತ ಗಾಡಿ ಎಳೆದು ಎಳೆದು ಅವರಿಗೆ ಸಾಕಾಗಿತ್ತು.

2019ರ ಹೊತ್ತಿಗೆ ಜಿಪ್ಸಿಯ ಮಾರಾಟ ನಿಂತಿತು. ಹೊಸ ಸುರಕ್ಷತಾ ನಿಯಮಗಳು ಬಂದವು, ಹಿಂದೆಯೇ ಹೊಗೆಯ ನಿಯಮ ಬಿಎಸ್ 6. ಆ ಹಳೇ ವಿನ್ಯಾಸ ಅದಕ್ಕೆ ಒಗ್ಗುವಂಥದ್ದಲ್ಲ. ಗುಂಪು ಗಟ್ಟಿಯಾದದ್ದು ಆಮೇಲೆ. ಇದನ್ನು ನಾನು ವಿದ್ಯಾರ್ಥಿಗಳಿಗೆ ಎರಡು ಸಲ ಹೇಳುತ್ತೇನೆ. ಗಾಡಿ ಅಂಗಡಿಯಲ್ಲಿ ಸಿಗುತ್ತಿದ್ದಾಗ ಇವರು ಸುಮ್ನೆ ಗೆಳೆಯರು. ಸಿಗದ ಮೇಲೆ ಒಬ್ಬರಿಗೊಬ್ಬರು ಬೇಕಾದರು.

ಆಗ ಶುರುವಾದದ್ದೇ ನೋಟ್ ಪುಸ್ತಕ. ನೂರು ಪುಟದ ಶಾಲೆಯ ಪುಸ್ತಕ, ರಟ್ಟಿನ ಮೇಲೆ ಬೈಂಡು. ಇರುವುದು ಡಾಕ್ಟ್ರ ಕ್ಲಿನಿಕ್ಕಿನ ಡ್ರಾಯರಿನಲ್ಲಿ, ಹಲ್ಲಿನ ಅಚ್ಚು ತೆಗೆಯುವ ತಟ್ಟೆಗಳ ಪಕ್ಕ. ಎಡಗಡೆ ಸಾಮಾನಿನ ಹೆಸರು, ಬಲಗಡೆ ಅದು ಯಾರ ಮನೆಯಲ್ಲಿದೆ ಅಂತ. ‘ಮುಂದಿನ ಬೇರಿಂಗ್ 1 ಸೆಟ್: ಮಲ್ಪೆ. ಕ್ಲಚ್ ಪ್ಲೇಟ್: ಹೆಬ್ರಿ. ಎಲೆ ಸ್ಪ್ರಿಂಗ್ ಬುಷ್ 8: ಮಣಿಪಾಲ.’ ಬೇಕಾದವರು ಫೋನ್ ಮಾಡಿ ತೆಗೆದುಕೊಂಡು ಹೋಗುವುದು, ಮೂರು ತಿಂಗಳೊಳಗೆ ಅಂಥದೇ ತಂದಿಡುವುದು ಅಥವಾ ದುಡ್ಡು ಕೊಡುವುದು. ತಂದಿಟ್ಟರೆ ಡಾಕ್ಟ್ರು ಆ ಸಾಲಿನ ಮೇಲೆ ಒಂದು ಗೀಟು ಎಳೆದು ಹೊಸ ಸಾಲು ಬರೆಯುತ್ತಾರೆ. ಹೊಡೆದುಹಾಕಿದ ಸಾಲೂ ಓದುವ ಹಾಗೆ ಇರಬೇಕು, ಅದು ಅವರ ಹಟ. ಯಾವ ಬೇರಿಂಗ್ ಎಷ್ಟು ವರ್ಷ ಬಾಳಿತು ಅಂತ ಅದರಿಂದಲೇ ಗೊತ್ತಾಗುತ್ತದಂತೆ.

ಡಾಕ್ಟ್ರು 2021ರಲ್ಲಿ ಥಾರ್ ತೆಗೆದುಕೊಂಡಾಗ ಪುಸ್ತಕ ವಾಪಸು ಕೊಡಲು ಹೊರಟಿದ್ದರಂತೆ. ಯಾರೂ ತೆಗೆದುಕೊಳ್ಳಲಿಲ್ಲ. ‘ನಿಮ್ಮ ಅಕ್ಷರ ಒಂದೇ ಓದಲಿಕ್ಕೆ ಆಗುವುದು’ ಅಂದರಂತೆ ಬೇಕರಿಯವರು. ಡಾಕ್ಟ್ರ ಅಕ್ಷರ ಚೆಂದ ಇರುವುದೇ ಒಂದು ಆಶ್ಚರ್ಯ ಅಲ್ವಾ?

ತೋಡಿನ ರಾತ್ರಿ

2022ರ ಜುಲೈ, ಆಟಿ (ತುಳುವರ ಮಳೆಗಾಲದ ತಿಂಗಳು) ಶುರುವಾಗಿತ್ತು. ನಾನು ಅಕ್ಕನ ಮನೆಗೆ ಹೋಗಿದ್ದೆ. ಹೆಬ್ರಿ ಪೇಟೆಯಿಂದ ಭಾವ ಮತ್ತು ನಾನು ಮೈಲುತುತ್ತಿನ ಚೀಲ ಹಾಕಿಕೊಂಡು ಹೊರಟಾಗ ಕತ್ತಲಾಗಿತ್ತು. ತೋಡಿನಲ್ಲಿ ನೀರು ಮೊಣಕಾಲಿನಷ್ಟು, ದಿನಾ ಇರುವುದಕ್ಕಿಂತ ಸ್ವಲ್ಪ ಜಾಸ್ತಿ. ಭಾವ ಇಳಿದು ಹಬ್ ಲಾಕ್ ಮಾಡಿದರು, ಲೋ ಗೇರಿಗೆ (ವೇಗ ಕಡಿಮೆ, ಎಳೆತ ಜಾಸ್ತಿ) ಹಾಕಿದರು, ಮೆಲ್ಲ ಇಳಿಸಿದರು. ಆಚೆ ದಡ ಹತ್ತುವಾಗ ಎಡಗಡೆಯ ಅಂಚು ಕುಸಿಯಿತು. ನೀರು ಅಡಿಯಿಂದ ಮಣ್ಣು ಕೊರೆದದ್ದು ಮೇಲಿಂದ ಕಾಣುತ್ತಿರಲಿಲ್ಲ. ಗಾಡಿ ಓರೆಯಾಗಿ ನಿಂತಿತು. ಮುಂದಿನ ಎಡ ಚಕ್ರ ಕೆಸರಿನ ಗುಂಡಿಯಲ್ಲಿ, ಹಿಂದಿನ ಬಲ ಚಕ್ರ ಗಾಳಿಯಲ್ಲಿ.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ ಹೀಗೆ ಯಾಕೆ ನಿಲ್ಲುತ್ತದೆ ಅಂತ ಹೇಳಬೇಕು. ಟ್ರಾನ್ಸ್‌ಫರ್ ಕೇಸ್ ಎಂಬ ಗೇರಿನ ಪೆಟ್ಟಿಗೆ ಮುಂದಿನ ಆಕ್ಸಲಿಗೂ (ಎಡಬಲ ಚಕ್ರಗಳ ನಡುವಿನ ಅಡ್ಡ ಕಂಬಿ) ಹಿಂದಿನ ಆಕ್ಸಲಿಗೂ ಶಕ್ತಿ ಹಂಚುತ್ತದೆ. ಆದರೆ ಒಂದೊಂದು ಆಕ್ಸಲಿನ ನಡುವೆ ಇರುವುದು ಸಾದಾ ಡಿಫರೆನ್ಷಿಯಲ್, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು. ಎರಡರಲ್ಲಿ ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಅದೇ ಗಿರಗಿರ ತಿರುಗುತ್ತದೆ, ಹಿಡಿತ ಇರುವುದು ಸುಮ್ಮನೆ ನಿಂತಿರುತ್ತದೆ. ಎರಡೂ ಆಕ್ಸಲಿನಲ್ಲಿ ಒಂದೊಂದು ಚಕ್ರ ಹೀಗೆ ಸಡಿಲಾದರೆ ಮುಗಿಯಿತು. ಹೊಸ ಗಾಡಿಗಳಲ್ಲಿ ತಿರುಗುವ ಚಕ್ರಕ್ಕೆ ತಾನಾಗಿ ಬ್ರೇಕ್ ಹಿಡಿದು ಇನ್ನೊಂದಕ್ಕೆ ಶಕ್ತಿ ತಳ್ಳುವ ವ್ಯವಸ್ಥೆ ಉಂಟು. ಜಿಪ್ಸಿಗೆ ಅಂಥ ಬುದ್ಧಿ ಇಲ್ಲ.

ತೋಡಿನಲ್ಲಿ ನೆಟ್‌ವರ್ಕ್ ಇಲ್ಲ. ಭಾವ ಏರು ಹತ್ತಿ ಹೋಗಿ ಡಾಕ್ಟ್ರಿಗೆ ಫೋನ್ ಮಾಡಿದರು. ಅಜೆಕಾರು ದಾರಿಯಲ್ಲಿ ಡಾಕ್ಟ್ರು ಬಂದು ಮುಟ್ಟುವಾಗ ಒಂದು ಗಂಟೆಯ ಮೇಲಾಗಿತ್ತು. ಪಂಚೆ ಎತ್ತಿ ಕಟ್ಟಿ, ತಲೆಗೆ ಲೈಟ್ ಸಿಕ್ಕಿಸಿಕೊಂಡು ಇಳಿದರು. ಬಂದವರೇ ಎಳೆಯುವ ಪಟ್ಟಿ ತೆಗೆಯಲಿಲ್ಲ. ಮೊದಲು ಇಡೀ ಗಾಡಿಗೆ ಒಂದು ಸುತ್ತು ಬಂದರು, ಕೋಲಿನಿಂದ ಗುಂಡಿಯ ಆಳ ನೋಡಿದರು. ಮುಂದಕ್ಕೆ ಎಳೆದರೆ ಗಾಡಿ ಇನ್ನೂ ಎಡಕ್ಕೆ ಮಗುಚುತ್ತದೆ, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು ಅಂದರು. ಥಾರಿನ ಟೈರಿನ ಗಾಳಿ ಸ್ವಲ್ಪ ಬಿಟ್ಟರು. ಟೈರು ಅಗಲವಾಗಿ ಊರಿದರೆ ಹಿಡಿತ ಜಾಸ್ತಿ. ಹಿಂದಿನ ಚಕ್ರದ ಅಡಿಗೆ ನಾವು ಕಲ್ಲು, ಅದರ ಮೇಲೆ ಅಡಿಕೆ ಸೋಗೆ ತುಂಬಿಸಿದೆವು. ಪಟ್ಟಿಯನ್ನು ಶ್ಯಾಕಲ್ (ಕಬ್ಬಿಣದ ಕೊಂಡಿ) ಹಾಕಿ ಎರಡೂ ಗಾಡಿಗೆ ಕಟ್ಟಿದ ಮೇಲೆ ಡಾಕ್ಟ್ರು ಒಂದು ಒದ್ದೆ ಗೋಣಿಚೀಲವನ್ನು ಪಟ್ಟಿಯ ನಡುವೆ ಹೊದೆಸಿದರು. ಪಟ್ಟಿ ತುಂಡಾದರೆ ಹಾವಿನ ಹಾಗೆ ಬಂದು ಹೊಡೆಯುತ್ತದೆ, ಚೀಲದ ಭಾರ ಅದನ್ನು ನೆಲಕ್ಕೆ ಬೀಳಿಸುತ್ತದೆ. ನನ್ನನ್ನು ದೂರ ನಿಲ್ಲಿಸಿದರು. ಮೂರನೇ ಎಳೆತಕ್ಕೆ ಜಿಪ್ಸಿ ಹೊರಗೆ ಬಂತು.

ಮನೆಗೆ ಬಂದು ಕಾಫಿ ಕುಡಿಯುವಾಗ ರಾತ್ರಿ ಹನ್ನೊಂದು. ಡಾಕ್ಟ್ರು ಅಂದದ್ದು ಒಂದೇ ಮಾತು: ‘ಥಾರ್ ಎಳೆದದ್ದು ಅಂತ ಪುಸ್ತಕದಲ್ಲಿ ಬರೆಯುತ್ತೇನೆ ಮಾರಾಯ್ರೆ.’ ಬರೆದಿದ್ದಾರೆ ಕೂಡ. ನಾನು ನೋಡಿದ್ದೇನೆ.

ಪಾಠದ ಪುಸ್ತಕದ ಮಾತು ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ

2001ರಲ್ಲಿ ಮುನಿಜ್ ಮತ್ತು ಓ’ಗ್ವಿನ್ ಎಂಬ ಇಬ್ಬರು ಸಂಶೋಧಕರು ‘ಬ್ರಾಂಡ್ ಸಮುದಾಯ’ದ ಬಗ್ಗೆ ಒಂದು ಲೇಖನ ಬರೆದರು. ಅವರು ನೋಡಿದ್ದು ಸಾಬ್ ಕಾರು, ಫೋರ್ಡ್ ಬ್ರಾಂಕೊ ಮತ್ತು ಮ್ಯಾಕಿಂಟಾಶ್ ಕಂಪ್ಯೂಟರ್ ಇದ್ದವರನ್ನು. ಇಂಥ ಗುಂಪಿಗೆ ಮೂರು ಗುರುತು ಅಂದರು: ನಾವು ಒಂದೇ ಬಗೆಯ ಜನ ಎಂಬ ಭಾವನೆ, ತಮ್ಮದೇ ಆಚಾರಗಳು, ಒಬ್ಬರಿಗೊಬ್ಬರು ಆಗಬೇಕು ಎಂಬ ಹೊಣೆ. ಮೂರೂ ಇಲ್ಲಿ ಅಚ್ಚು ಹಾಕಿದ ಹಾಗೆ ಕಾಣುತ್ತವೆ: ಕೈ ಎತ್ತುವುದು, ಗೋಳಿಬಜೆ, ತೋಡಿನ ರಾತ್ರಿಯ ಪಟ್ಟಿ. ಎದುರಾಳಿ ಬ್ರಾಂಡನ್ನು ಬೈಯುವುದೂ ನಿಷ್ಠೆಯ ಭಾಗ ಅಂತಲೂ ಅವರು ಬರೆದಿದ್ದಾರೆ. ಅದೂ ಇದೆ, ಥಾರ್ ಬಗ್ಗೆ ಭಾನುವಾರದ ಜೋಕುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆದರೆ ಎಳೆದದ್ದು ಥಾರ್. ಹೊಣೆ ಎಂಬ ಮೂರನೇ ಗುರುತು ಬ್ರಾಂಡಿನ ಬೇಲಿ ದಾಟಿ ಹೋಗಿತ್ತು. 2002ರಲ್ಲಿ ಮೆಕ್‌ಅಲೆಕ್ಸಾಂಡರ್ ಮತ್ತಿಬ್ಬರು ಅಮೆರಿಕದ ಜೀಪ್ ಮಾಲೀಕರನ್ನು ನೋಡಿ ಬರೆದದ್ದು ನಮಗೆ ಇನ್ನೂ ಹತ್ತಿರ. ಗ್ರಾಹಕನಿಗೆ ನಾಲ್ಕು ನಂಟು ಇರುತ್ತವೆ ಅಂದರು ಅವರು: ವಸ್ತುವಿನ ಜೊತೆ, ಬ್ರಾಂಡಿನ ಜೊತೆ, ಕಂಪನಿಯ ಜೊತೆ, ಉಳಿದ ಗ್ರಾಹಕರ ಜೊತೆ. ಭಾವನ ವಿಷಯದಲ್ಲಿ ಮೊದಲನೆಯದು ಮತ್ತು ಕೊನೆಯದು ಉಕ್ಕಿನ ಹಾಗೆ. ನಡುವಿನ ಎರಡು ಸವೆದುಹೋಗಿದ್ದವು. ಐದನೆಯದೊಂದು ಉಂಟು, ಅವರ ಪಟ್ಟಿಯಲ್ಲಿ ಇಲ್ಲ: ಗ್ಯಾರೇಜಿನವನ ಜೊತೆಗಿನ ನಂಟು. ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ಗುಂಪಿನ ಕೆಟ್ಟ ಮುಖವನ್ನೂ ಹೇಳಿಬಿಡಬೇಕು. 2023ರ ಜನವರಿಯಲ್ಲಿ ಹಿಂದಿನ ಚಕ್ರ ಮಾತ್ರ ತಿರುಗುವ ಥಾರ್ ಬಂತು. ಅದನ್ನು ತೆಗೆದುಕೊಂಡ ಹುಡುಗನೊಬ್ಬ ಆಸೆಯಿಂದ ಎರಡು ಭಾನುವಾರ ಬಂದ. ‘ಅರ್ಧ ಗಾಡಿ’ ಅಂತ ಕರೆದರು. ಮೂರನೇ ಸಲ ಬರಲಿಲ್ಲ. ಡಾಕ್ಟ್ರಿಗೆ ಇದ್ದ ಬಾಗಿಲು ಅವನಿಗೆ ಇರಲಿಲ್ಲ, ಯಾಕೆಂದರೆ ಅವನು ಎಂದೂ ಜಿಪ್ಸಿಯ ಅಡಿಗೆ ಮಲಗಿದವನಲ್ಲ. ಇನ್ನೊಬ್ಬ ಸಾಲ ಮಾಡಿ ದೊಡ್ಡ ಟೈರು, ಲೈಟು, ಮುಂದೆ ಕಬ್ಬಿಣದ ಗಾರ್ಡು ಹಾಕಿಸಿದ. ಇಂಥ ಗಾರ್ಡುಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ಫೋಟೋ ಮಾತ್ರ ತೆಗೆದರು.

ತೀರ್ಮಾನ ಆದದ್ದು ಹೇಗೆ

2004ರ ಗಾಡಿಗೆ 15 ವರ್ಷ ತುಂಬಿದಾಗ, 2019ರಲ್ಲಿ, ಆರ್‌ಸಿ ಒಮ್ಮೆ ರಿನ್ಯೂ ಆಗಿತ್ತು. ಐದು ವರ್ಷಕ್ಕೆ. 2024ರಲ್ಲಿ ಮತ್ತೆ ಮಾಡಬೇಕಿತ್ತು. 2019ರಲ್ಲಿ 600 ಇದ್ದ ಫೀಸು 2022ರ ಏಪ್ರಿಲಿನಿಂದ 5000 ಆಗಿತ್ತು. ದುಡ್ಡಿಗಿಂತ ದೊಡ್ಡ ವಿಷಯ ಭಾವನ ಅಮ್ಮನ ಮೊಣಕಾಲು. ತಿಂಗಳಿಗೆ ಎರಡು ಸಲ ಮಣಿಪಾಲದ ಆಸ್ಪತ್ರೆಗೆ ಹೋಗಬೇಕು. ಜಿಪ್ಸಿಗೆ ಅವರನ್ನು ಹತ್ತಿಸಲು ಒಂದು ಮಣೆ ಇಟ್ಟಿದ್ದರು. ಅಕ್ಕ ಖಡಾಖಂಡಿತ ಹೇಳಿದಳು: ‘ಹಿಂದೆ ಬಾಗಿಲು ಇರಬೇಕು, ಎಸಿ ಇರಬೇಕು. ಉಳಿದದ್ದು ನಿಮ್ಮ ಹಣೆಬರಹ.’

ನಾನು ಹೇಳಿದ್ದು ಆಲ್ ವೀಲ್ ಡ್ರೈವ್ ಇರುವ ಗ್ರ್ಯಾಂಡ್ ವಿಟಾರ. ಅಂಥ ಗಾಡಿಯಲ್ಲಿ ಅಗತ್ಯ ಬಿದ್ದಾಗ ಹಿಂದಿನ ಚಕ್ರಕ್ಕೂ ಶಕ್ತಿ ತಾನಾಗಿ ಹೋಗುತ್ತದೆ, ನಾವು ಏನೂ ಮಾಡಬೇಕಿಲ್ಲ. ಆಗುಂಬೆ ಘಾಟಿಯ ಮಳೆಗೆ ಹೇಳಿ ಮಾಡಿಸಿದ್ದು. ಜಿಪ್ಸಿ, ಥಾರ್, ಜಿಮ್ನಿಯಲ್ಲಾದರೆ ಲಿವರ್ ಎಳೆದು ಎರಡೂ ಆಕ್ಸಲನ್ನು ಬಿಗಿಯಾಗಿ ಜೋಡಿಸಬೇಕು, ಒಣ ಡಾಂಬರಿನಲ್ಲಿ ಹಾಗೆ ಓಡಿಸಿದರೆ ಗಾಡಿ ತಿರುವಿನಲ್ಲಿ ಹಟ ಮಾಡುತ್ತದೆ. ಆದರೆ ಅವಕ್ಕೆ ಲೋ ಗೇರ್ ಉಂಟು. ಭಾವ ಕೇಳಿ ಅಂದರು: ‘ಘಾಟಿಗೆ ಸರಿ ಮಾರಾಯ. ತೋಡಿಗೆ ಎಂತ ಮಾಡುವುದು?’ ನನ್ನ ಮಾತು ಅಲ್ಲಿಗೆ ಮುಗಿಯಿತು.

ಒಂದು ಶೋರೂಮಿಗೆ ಹೋದೆವು, ಹೆಸರು ಬೇಡ. ಲೋ ಗೇರ್ ಹೇಗೆ ಹಾಕುವುದು ಅಂತ ಭಾವ ಕೇಳಿದರೆ ಹುಡುಗ ಹ್ಯಾಂಡ್‌ಬ್ರೇಕ್ ತೋರಿಸಿದ. ಪಾಪ, ಅವನಿಗೆ ಯಾರೂ ಕಲಿಸಿರಲಿಲ್ಲ.

ಗುಂಪಿನಲ್ಲಿ ಜಗಳವೇ ಆಯಿತು. ಎಸಿ ಇರುವ ಜಿಪ್ಸಿ ಜಿಪ್ಸಿಯೇ ಅಲ್ಲ ಅಂದರು ಒಬ್ಬ ಹಿರಿಯರು. ಡಾಕ್ಟ್ರು ತಮ್ಮ ಥಾರಿನ ಪರ ಮಾತಾಡುತ್ತಾರೆ ಅಂತ ಎಲ್ಲರೂ ಕಾದರು. ಅವರು ಹೇಳಿದ್ದು ಉಲ್ಟಾ: ಮುಂದಿನ ಸೀಟು ಮಡಚಿ ಹಿಂದೆ ನುಸುಳುವುದು ನಿಮ್ಮ ಅಮ್ಮನಿಗೆ ಆಗುವ ಕೆಲಸ ಅಲ್ಲ, ಐದು ಬಾಗಿಲಿನ ಜಿಮ್ನಿ ನೋಡಿ. (ಐದು ಬಾಗಿಲಿನ ಥಾರ್ ರಾಕ್ಸ್ ಆಗ ಬಂದಿರಲಿಲ್ಲ, ಅದು 2024ರ ಆಗಸ್ಟಿನದ್ದು.)

ಕೊನೆಗೆ ಮೊಳೆ ಹೊಡೆದದ್ದು ಗ್ಯಾರೇಜಿನ ಕಾಕ. ಗುಂಪಿನ ಎಲ್ಲ ಜಿಪ್ಸಿಗಳ ನಾಡಿ ಗೊತ್ತಿರುವವರು. ಮಣಿಪಾಲದವರೊಬ್ಬರು ಮೊದಲೇ ಜಿಮ್ನಿ ತೆಗೆದುಕೊಂಡಿದ್ದರು, ಅದನ್ನು ಕಾಕನ ಹತ್ತಿರ ಒಯ್ದೆವು. ಟಾರ್ಚ್ ಹಿಡಿದು ಅಡಿಗೆ ಹೋದವರು ಹತ್ತು ನಿಮಿಷ ಹೊರಗೆ ಬರಲಿಲ್ಲ. ಸ್ಪ್ಯಾನರಿನಿಂದ ಅಲ್ಲಲ್ಲಿ ತಟ್ಟುವ ಶಬ್ದ ಮಾತ್ರ. ಬಂದು ಕೈ ಒರೆಸಿಕೊಳ್ಳುತ್ತಾ ಹೇಳಿದರು: ‘ಏಣಿ ಚಾಸಿ, ಅಡಿಯ ಚೌಕಟ್ಟು, ಹಾಗೇ ಉಂಟು. ಎರಡೂ ಕಡೆ ಗಟ್ಟಿ ಆಕ್ಸಲ್. ಎಲೆ ಸ್ಪ್ರಿಂಗ್ ಹೋಗಿ ಕಾಯಿಲ್ ಬಂದಿದೆ. ಇಂಜಿನ್ ನಮ್ಮ ಟ್ಯಾಕ್ಸಿಯವರ ಹಳೇ ಎರ್ಟಿಗಾದ್ದೇ. ತೆಗೆದುಕೊಳ್ಳಿ, ನಾನು ಕೈ ಹಾಕುತ್ತೇನೆ.’

‘ನಾನು ಕೈ ಹಾಕುತ್ತೇನೆ.’ ಭಾವ ಕಾಯುತ್ತಿದ್ದದ್ದು ಈ ಮಾತಿಗೇ. ಜಾಹೀರಾತಿಗೆ ಇಲ್ಲಿ ಕೆಲಸವೇ ಇರಲಿಲ್ಲ.

ಇನ್ನೊಂದು ಕಾರಣವನ್ನು ಗುಂಪಿನಲ್ಲಿ ಯಾರೂ ಎತ್ತುವುದಿಲ್ಲ. 2023ರ ಜೂನಿನಲ್ಲಿ ಜಿಮ್ನಿಯ ಶುರುವಿನ ಬೆಲೆ 12.74 ಲಕ್ಷ. ಡಿಸೆಂಬರ್ ಹೊತ್ತಿಗೆ ಥಂಡರ್ ಎಡಿಷನ್ ಅಂತ ಮಾಡಿ 10.74 ಲಕ್ಷದಿಂದ ಮಾರುತ್ತಿದ್ದರು. ಇದೇ ಗಾಡಿ ಗುರುಗ್ರಾಮದಿಂದ ಜಪಾನಿಗೆ ಹೋಗಿ 2025ರ ಆರಂಭದಲ್ಲಿ ಬುಕಿಂಗ್ ಶುರುವಾದಾಗ, ಕೆಲವೇ ದಿನದಲ್ಲಿ 50,000 ಆರ್ಡರ್ ಬಂದು ಬುಕಿಂಗ್ ನಿಲ್ಲಿಸಬೇಕಾಯಿತು. ಇಲ್ಲಿ ಜಿಪ್ಸಿಯ ಹೆಸರು ಅಷ್ಟಿದ್ದರೂ ರಿಯಾಯಿತಿ ಬೇಕಾಯಿತು. ಅಂಗಡಿಯಲ್ಲಿ ಜಿಮ್ನಿಯ ಪಕ್ಕ ಜಿಪ್ಸಿಯ ನೆನಪು ಇಡಬಹುದು. ಕಾಕನನ್ನು ಎಲ್ಲಿಂದ ತಂದು ಇಡುತ್ತಾರೆ?

ಲೆಕ್ಕದ ಪುಸ್ತಕ, ನೋಟ್ ಪುಸ್ತಕ

ಈಗ ಮೊದಲಿನ ಎರಡು ಸಾಲಿಗೆ ಬರುತ್ತೇನೆ. ಉಳಿದವರು ಭಾವ, ಹೋದವರು ಡಾಕ್ಟ್ರು. ಭಾವ ಜಿಮ್ನಿ ತೆಗೆದುಕೊಳ್ಳಲು ಕಾರಣ ಅಮ್ಮನ ಮೊಣಕಾಲು, ಒಬ್ಬ ಮೆಕ್ಯಾನಿಕ್ಕಿನ ಒಪ್ಪಿಗೆ, ಎರಡು ಲಕ್ಷದ ಇಳಿಕೆ ಮತ್ತು ಒಬ್ಬ ಥಾರ್ ಮಾಲೀಕರ ಸಲಹೆ. ರಾಕ್ಸ್ ಒಂದು ವರ್ಷ ಮೊದಲು ಬಂದಿದ್ದರೆ, ಕಾಕ ಅದರ ಅಡಿಯಿಂದ ನಗುತ್ತಾ ಎದ್ದು ಬಂದಿದ್ದರೆ, ಭಾವನ ಅಂಗಳದಲ್ಲಿ ಇವತ್ತು ಮಹೀಂದ್ರ ನಿಂತಿರುತ್ತಿತ್ತು. ಭಾವನೇ ಇದನ್ನು ಒಪ್ಪಿಕೊಳ್ಳುತ್ತಾರೆ. ‘ಹೋದ’ ಡಾಕ್ಟ್ರು ಮಾತ್ರ ಇವತ್ತಿಗೂ ಹದಿನಾಲ್ಕು ಜಿಪ್ಸಿಗಳ ಸಾಮಾನಿನ ಲೆಕ್ಕ ಇಡುತ್ತಿದ್ದಾರೆ. ಮಾರಾಟ ನಿಂತ ಗಾಡಿಯೊಂದು ರಸ್ತೆಯಲ್ಲಿ ಓಡುತ್ತಿರಲು ಅವರಿಗಿಂತ ಹೆಚ್ಚು ಕೆಲಸ ಮಾಡಿದವರು ಈ ಕಥೆಯಲ್ಲಿ ಇಲ್ಲ.

ಕಳೆದ ವರ್ಷ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: ‘ಸರ್, ಹಾಗಾದರೆ ಕಂಪನಿ ಏನು ಮಾಡಬೇಕಿತ್ತು?’ ದೊಡ್ಡ ಉತ್ತರ ನನ್ನ ಹತ್ತಿರ ಇರಲಿಲ್ಲ. ಸಾಮಾನು ಸಿಗುವ ಹಾಗೆ ನೋಡಿಕೊಳ್ಳಬೇಕು, ಊರಿನ ಗ್ಯಾರೇಜಿನವರನ್ನು ಕರೆದು ಗಾಡಿ ಬಿಚ್ಚಿ ತೋರಿಸಬೇಕು, ಶೋರೂಮಿನ ಹುಡುಗನನ್ನು ಒಮ್ಮೆಯಾದರೂ ಕೆಸರಿಗೆ ಕರೆದುಕೊಂಡು ಹೋಗಬೇಕು ಅಂದೆ. ‘ಇಷ್ಟೇನಾ?’ ಅಂದಳು. ಇಷ್ಟೇ.

ಭಾವ ಜಿಪ್ಸಿಯನ್ನು ಮಾರಿಲ್ಲ. ಕೇರಳದಿಂದ ಒಬ್ಬರು ನೋಡಲು ಬಂದಿದ್ದರು, ಒಳ್ಳೆಯ ಬೆಲೆಯನ್ನೇ ಹೇಳಿದರು. ಭಾವ ಅವರಿಗೆ ಊಟ ಹಾಕಿ ಕಳಿಸಿದರು. 2024ರಲ್ಲಿ 5000 ಕಟ್ಟಿ ಆರ್‌ಸಿ ರಿನ್ಯೂ ಮಾಡಿಸಿದರು, ಇನ್ನು 2029ರವರೆಗೆ ಚಿಂತೆ ಇಲ್ಲ. ಮದ್ದಿನ ಚೀಲ ಈಗಲೂ ಬರುವುದು ಅದರಲ್ಲೇ. ಜಿಮ್ನಿಯ ಡಿಕ್ಕಿ ಸಣ್ಣದು, ಅಲ್ಲದೆ ಮೈಲುತುತ್ತಿನ ನೀಲಿ ಸೀಟಿಗೆ ಹತ್ತಿದರೆ ಅಕ್ಕ ಬಿಡುವುದಿಲ್ಲ.

ಮೊನ್ನೆ ಹಲ್ಲು ತೋರಿಸಲು ಕಾರ್ಕಳಕ್ಕೆ ಹೋಗಿದ್ದೆ. ಬಾಯಿ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ಕಾಯುವ ಹೊತ್ತಿಗೆ ಡಾಕ್ಟ್ರು ಡ್ರಾಯರ್ ಎಳೆದು ಪುಸ್ತಕ ತೋರಿಸಿದರು. ಹೊಸ ಪುಟ. ಮೇಲೆ ಗುಂಡಗಿನ ಅಕ್ಷರದಲ್ಲಿ ‘ಜಿಮ್ನಿ’ ಅಂತ ಬರೆದು ಅಡಿಗೆರೆ ಎಳೆದಿದ್ದಾರೆ. ಕೆಳಗೆ ಒಂದೇ ಸಾಲು: ‘ಏರ್ ಫಿಲ್ಟರ್ 1: ಹೆಬ್ರಿ.’ ಭಾವ ತಪ್ಪಿ ಎರಡು ತಂದಿದ್ದರಂತೆ.